ಸ್ಕ್ಯಾನಿಂಗಿನಲ್ಲಿ ಕಾಣದ ನೋವಿಗೆ ಅಂಗವೈಕಲ್ಯ ವಿಮೆ ಕೇಳುವ ಬಗೆ

ಕ್ಲೇಮಿನ ಅರ್ಜಿಗೆ ಕೈಹಾಕುವ ಮೊದಲು, ಪಾಲಿಸಿಯಲ್ಲಿ ‘ಅಂಗವೈಕಲ್ಯ’ ಎಂದರೆ ಏನೆಂದು ಬರೆದಿದೆ ಎಂಬುದನ್ನು ಓದಬೇಕು. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಡಿಕೆ ಮರದಿಂದ ಬಿದ್ದು ಕೈಕಾಲು ಕಳೆದುಕೊಂಡವರಿಗೆ ಒದಗುತ್ತದೆಯೇ ಹೊರತು, ವರ್ಷಗಟ್ಟಲೆ ಕಾಡುವ ಮೈನೋವಿಗಲ್ಲ. ಕಾಯಿಲೆಯಿಂದ ದುಡಿಮೆ ನಿಂತರೂ ಹಣ ಕೊಡುವ ಷರತ್ತು ಕಚೇರಿಯ ಗುಂಪು ವಿಮೆಯಲ್ಲೋ ತಾವೇ ಕೊಂಡ ಪಾಲಿಸಿಯಲ್ಲೋ ಇದ್ದರೆ ಮಾತ್ರ ಮುಂದಿನ ಶ್ರಮಕ್ಕೆ ಅರ್ಥವಿದೆ. ಸ್ಕ್ಯಾನಿಂಗಿನಲ್ಲಿ ಕಾಣದ ನೋವನ್ನು ಮಾನಸಿಕ ಕಾಯಿಲೆಯೆಂದು ಗುರುತಿಸುವುದೂ ಉಂಟಾದ್ದರಿಂದ, ಆಗಲೂ ಮಾನಸಿಕ ಕಾಯಿಲೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೈಹಿಕ, ಮಾನಸಿಕ ಕಾಯಿಲೆಗಳನ್ನು ಸಮನಾಗಿ ಕಾಣಬೇಕೆನ್ನುವುದು ಚಿಕಿತ್ಸೆಯ ವೆಚ್ಚ ಭರಿಸುವ ವಿಮೆಯ ವಿಷಯದಲ್ಲಿ ಎಂಬುದನ್ನು ಅನೇಕರು ಮರೆಯುತ್ತಾರೆ.

ಇಂಥ ನೋವಿಗೆ ಮನೋವೈದ್ಯರು ಕೊಡಬಹುದಾದ ‘ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್’ (ದೇಹದ ಲಕ್ಷಣಗಳ ಚಿಂತೆಯೇ ಮಿತಿಮೀರುವ ಕಾಯಿಲೆ) ಎಂಬ ಹೆಸರು 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ 5ನೇ ಆವೃತ್ತಿಯಲ್ಲಿ ಬಂದಿತು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ ಎಂಬುದು ಅದರ ಆಧಾರವಲ್ಲ. ನೋವು, ಸುಸ್ತಿನಂಥ ಲಕ್ಷಣಗಳು ಸಾಮಾನ್ಯವಾಗಿ 6 ತಿಂಗಳಿಗೂ ಮೀರಿ ಉಳಿದು, ಅವುಗಳ ಕುರಿತ ಚಿಂತೆ, ಭಯ, ಆಸ್ಪತ್ರೆಯ ಅಲೆದಾಟ ಮಿತಿಮೀರಿ ದಿನಚರಿಯನ್ನೇ ಕೆಡಿಸಿರುವುದು ಆಧಾರ. ಸಕ್ಕರೆ ಕಾಯಿಲೆಯೋ ಸಂಧಿವಾತವೋ ಇದ್ದವರಲ್ಲಿಯೂ ಇದು ಇರಬಹುದು. ಹೀಗಿರುವಾಗ ‘ಕಾಯಿಲೆಯೇನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಒಂದೇ ಸಾಲು ಗೀಚಿದ ಚೀಟಿಯನ್ನು ನೆಚ್ಚಿಕೊಳ್ಳಬಾರದು. ಯಾವ ಮಾನದಂಡದ ಮೇಲೆ ಕಾಯಿಲೆಯನ್ನು ಗುರುತಿಸಿದರು, ಯಾವ ಚಿಕಿತ್ಸೆ ಎಷ್ಟು ಕಾಲ ನಡೆಯಿತು ಎಂಬುದನ್ನು ಮನೋವೈದ್ಯರಿಂದ ಬರೆಸಿಕೊಳ್ಳಬೇಕು.

ನಮ್ಮ ಕಡೆಯ ರೂಢಿಯೇ ಇಲ್ಲಿ ಮುಳುವಾಗುತ್ತದೆ. ತೀರ್ಥಹಳ್ಳಿಯಲ್ಲೊಂದು ಫೈಲು, ಶಿವಮೊಗ್ಗದಲ್ಲೊಂದು, ಮಣಿಪಾಲದಲ್ಲಿ ಮತ್ತೊಂದು ಆಗಿ, ಯಾವ ವೈದ್ಯರೂ ರೋಗಿಯನ್ನು ಸತತವಾಗಿ ನೋಡಿರುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗವಾಗಲಿ, ಊರಿನ ನಂಬಿಕೆಯ ವೈದ್ಯರಾಗಲಿ, ಒಬ್ಬರಲ್ಲಿಯೇ ನಿಂತು ಹಳೆಯ ಕಾಗದವನ್ನೆಲ್ಲ ಅವರ ಮುಂದಿಡುವುದು ಲೇಸು. ಮಳೆಗಾಲದಲ್ಲಿ ಚೀಟಿಗಳಿಗೆ ಬೂಷ್ಟು ಹಿಡಿಯುವುದರಿಂದ, ಸಿಕ್ಕ ದಿನವೇ ಅವನ್ನು ಜೆರಾಕ್ಸ್ ಮಾಡಿಸಿಡಬೇಕು.

ಕ್ಲೇಮು ನಿಲ್ಲುವುದು ಕಾಯಿಲೆಯ ಹೆಸರಿನ ಮೇಲಲ್ಲ, ಮಾಡಲಾಗದೆ ಹೋದ ಕೆಲಸದ ದಾಖಲೆಯ ಮೇಲೆ. ಸಹಕಾರ ಸಂಘದ ಗುಮಾಸ್ತರೊಬ್ಬರು ‘ಸೊಂಟನೋವು ವಿಪರೀತ’ ಎಂದು ಬರೆದರೆ ಅದು ಬರಿಯ ದೂರು. ‘10 ಗಂಟೆಗೆ ಲೆಡ್ಜರಿನ ಮುಂದೆ ಕುಳಿತೆ, 10.40ಕ್ಕೆ ಎದ್ದು ಗೋಡೆಗೆ ಒರಗಿದೆ. ಒಂದೇ ಪುಟ ಕೂಡಿಸಿದ್ದು, ಅದರಲ್ಲೂ ಮೊತ್ತ ಎರಡು ಬಾರಿ ತಪ್ಪಿತು’ ಎಂದು ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆದಿಟ್ಟರೆ, ಅದನ್ನು ಹಾಜರಿ ಪುಸ್ತಕದ ಪ್ರತಿಯೊಡನೆ ಹೋಲಿಸಿ ನೋಡಬಹುದು. ಚೆನ್ನಾಗಿದ್ದ ದಿನಗಳನ್ನೂ ಬರೆಯಬೇಕು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಬಡಿಸುತ್ತಿರುವ ಒಂದು ಫೋಟೊ ಕಂಪನಿಯ ಕೈಗೆ ಸಿಕ್ಕರೆ, ಮರುದಿನ ಹಾಸಿಗೆ ಹಿಡಿದ ವಿಷಯ ಅಂದೇ ಬರೆದಿದ್ದರೆ ಮಾತ್ರ ಉತ್ತರ ಕೊಡಲು ಸಾಧ್ಯ.

ಸರ್ಕಾರದ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ. 40 ಎಂದಿದ್ದರೂ ಕಂಪನಿ ನೋಡುವುದು ಪಾಲಿಸಿಯ ವ್ಯಾಖ್ಯೆಯನ್ನೇ. ಆ ಪ್ರಮಾಣಪತ್ರವನ್ನು ಪೂರಕ ಸಾಕ್ಷ್ಯವೆಂದು ಲಗತ್ತಿಸಿದರೆ ಸಾಕು. ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಉತ್ತರ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯಿಂದ ಉತ್ತರ ಬಂದಿದ್ದರೆ ಅವಧಿಯ ಲೆಕ್ಕ ಆ ಪತ್ರ ಕೈಸೇರಿದಂದಿನಿಂದ ಶುರುವಾಗುವುದರಿಂದ, ಅದು ಬಂದ ಲಕೋಟೆಯನ್ನೂ ಅಂಚೆಮುದ್ರೆ ಸಮೇತ ಫೈಲಿಗೆ ಸೇರಿಸಬೇಕು.