ಊರ ಕೆರೆಯ ಏರಿ: ಕೋಡಿಯಿಂದ ಶುರು ಮಾಡಿ

ಮಳೆಗಾಲಕ್ಕೆ ಮುಂಚೆ ಕೆರೆ ನೋಡಲು ಬಂದವರು ಸಾಮಾನ್ಯವಾಗಿ ಏರಿ ಮೇಲೆ ಒಂದು ಸುತ್ತು ನಡೆದು, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡಿ ಹೊರಡುತ್ತಾರೆ. ನಾನು ಮೊದಲು ಹೋಗುವುದು ಕೋಡಿಗೆ, ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಕಟ್ಟೆಗೆ. ಮಣ್ಣಿನ ಏರಿ ಬದಿಯಿಂದ ಎಷ್ಟು ನೀರನ್ನಾದರೂ ತಡೆದೀತು, ನೆತ್ತಿ ಮೇಲೆ ಹರಿಯುವ ನೀರನ್ನು ತಡೆಯಲಾರದು. ಹಾಗೆ ಹರಿದ ನೀರು ಹಿಂಬದಿಯ ಇಳಿಜಾರನ್ನು ಕೊರೆಯಲು ಹಿಡಿದರೆ ಕೆಲವು ಗಂಟೆಗಳಲ್ಲಿ ಏರಿ ಬಾಯಿ ಬಿಡುತ್ತದೆ. ನಮ್ಮ ಊರ ಕೆರೆಗಳ ಏರಿ ಹೆಚ್ಚಿನವು ನಾಲ್ಕೈದು ಮೀಟರ್ ಎತ್ತರದವು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ದಾಟಿದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವಕ್ಕೆ ಅನ್ವಯಿಸುತ್ತದೆ. ಇವು ಅದರ ಲೆಕ್ಕಕ್ಕೇ ಬರುವುದಿಲ್ಲ. ನೋಡಿಕೊಳ್ಳಬೇಕಾದವರು ಊರವರು ಮತ್ತು ಕೆರೆಯ ಹೊಣೆ ಹೊತ್ತ ಇಲಾಖೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಜಿಲ್ಲಾ ಪಂಚಾಯ್ತಿ, ಹೆಚ್ಚಿದ್ದರೆ ಸಣ್ಣ ನೀರಾವರಿ.

ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ಆನೇಕಲ್ ಕಡೆಯ ಕೋಡಿಗಳನ್ನು ಕಟ್ಟಿದಾಗ ಕೆರೆಯ ಮೇಲ್ಗಡೆ ರಾಗಿ ಹೊಲ, ಗೋಮಾಳ, ಕುರುಚಲು ಇದ್ದವು. ಈಗ ಅಲ್ಲಿ ಲೇಔಟು, ಟಾರು ರಸ್ತೆ, ಗೋದಾಮು. ಇದರಿಂದ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಮೇಲಿಂದ ನೀರು ಬರುವ ಜಾಗ 100 ಹೆಕ್ಟೇರ್, ಮಳೆ ಗಂಟೆಗೆ 60 ಮಿ.ಮೀ. ಎಂದಿಟ್ಟುಕೊಳ್ಳಿ. ಹೊಲಗದ್ದೆಯಾದರೆ ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲನ್ನು 0.35 ಎಂದು ಹಿಡಿಯಬಹುದು. ಆ ಪಾಲು, ಮಳೆ, ಹೆಕ್ಟೇರು ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ 5.8 ಘನ ಮೀಟರ್ ನೀರು. ಕೋಡಿ ಎಷ್ಟು ಸಾಗಿಸುತ್ತದೆ ಎಂದು ತಿಳಿಯಲು ಅದರ ಉದ್ದವನ್ನು 1.7ರಿಂದ ಗುಣಿಸಿ, ಮತ್ತೆ ನೀರಿನ ಎತ್ತರದ ಒಂದೂವರೆ ಘಾತದಿಂದ (ಎತ್ತರವನ್ನು ಅದರದೇ ವರ್ಗಮೂಲದಿಂದ ಗುಣಿಸಿದ್ದು) ಗುಣಿಸಬೇಕು. 10 ಮೀಟರ್ ಉದ್ದದ ಕೋಡಿಯ ಮೇಲೆ ಈ ನೀರು 49 ಸೆಂ.ಮೀ. ಎತ್ತರಕ್ಕೆ ಹರಿಯುತ್ತದೆ. ಕೋಡಿಗಿಂತ ಏರಿ ಒಂದು ಮೀಟರ್ ಮೇಲಿದ್ದರೆ ನೆಮ್ಮದಿ.

ಅದೇ ಜಾಗದಲ್ಲಿ ಮನೆ, ರಸ್ತೆ ತುಂಬಿದಾಗ ಪಾಲು 0.7ಕ್ಕೆ ಏರುತ್ತದೆ. ಅದೇ ಮಳೆಗೆ 11.7 ಘನ ಮೀಟರ್, ಕೋಡಿ ಮೇಲೆ 78 ಸೆಂ.ಮೀ. ಉಳಿದದ್ದು 22 ಸೆಂ.ಮೀ.; ಗಾಳಿಗೆ ಏಳುವ ಅಲೆಗೇ ಅದು ಸಾಲದು. ಚರಂಡಿಯಲ್ಲಿ ನೀರು ಬೇಗ ಬಂದು ಸೇರುವುದರಿಂದ ಸಣ್ಣ ಹೊತ್ತಿನ ಬಿರುಮಳೆಯೂ ಪೂರ್ತಿ ಜೋರಿನಲ್ಲಿ ಕೆರೆಗೆ ಬೀಳುತ್ತದೆ. ಕೆರೆ ತಾನೇ ಸ್ವಲ್ಪ ನೀರು ನುಂಗುತ್ತದಲ್ಲ ಎಂಬ ವಾದವುಂಟು. ನಮ್ಮಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಕೆರೆ ತುಂಬಿರುವುದೇ ಹೆಚ್ಚು. ಹಾಗಾಗಿ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆ 49 ಸೆಂ.ಮೀ.ಗೆ ತರಬೇಕಾದರೆ ಕೋಡಿ 20 ಮೀಟರ್ ಆಗಬೇಕು. ಏರಿ ಎತ್ತರಿಸುವುದಕ್ಕಿಂತ ಇದು ಒಳ್ಳೆಯ ದಾರಿ. ಎತ್ತರಿಸಿದ ಏರಿಗೆ ಬುಡವನ್ನೂ ಅಗಲಿಸಬೇಕು, ಅದಕ್ಕೆ ಹಿಂದೆ ಜಾಗ ಇರುವುದಿಲ್ಲ.

ಕೋಡಿ ಸಾಕಷ್ಟಿದ್ದರೂ ಅದನ್ನು ಮುಚ್ಚಿಬಿಡುವವರಿದ್ದಾರೆ. ಮೀನಿನ ಗುತ್ತಿಗೆಯವರು ಮೀನು ಹೊರಗೆ ಹೋಗದಿರಲೆಂದು ಬಲೆ ಹಾಕುತ್ತಾರೆ. ಬಲೆಗೆ ಕಳೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಕೋಡಿ ಗೋಡೆಯಾಗುತ್ತದೆ. ಬಲೆ ಬೇಕೇ ಬೇಕೆಂದರೆ ಕಣ್ಣು ದೊಡ್ಡದಿರಲಿ, ಕೋಡಿಯಿಂದ ದೂರ ಕೆರೆಯ ಒಳಗೆ ಬಿಲ್ಲಿನಂತೆ ಬಾಗಿಸಿ ಕಟ್ಟಲಿ, ಮಳೆಯ ರಾತ್ರಿ ಬಿಚ್ಚಲು ಆಳು ಇರಲಿ. ಇನ್ನು ಕೆಲವರು ಒಂದಡಿ ನೀರು ಹೆಚ್ಚು ನಿಲ್ಲಲಿ ಎಂದು ಕೋಡಿ ಮೇಲೆ ಇಟ್ಟಿಗೆ, ಮರಳು ಚೀಲ ಜೋಡಿಸುತ್ತಾರೆ. ಇದನ್ನು ಯಾವ ನೆಪಕ್ಕೂ ಒಪ್ಪಬಾರದು. ಕೋಡಿಯ ಮುಂದಿನ ಹಳ್ಳ ಒತ್ತುವರಿಯಾಗಿದೆಯೇ, ಮೇಲಿನ ಕೆರೆಯ ಏರಿ ಗಟ್ಟಿಯಿದೆಯೇ ಎಂದೂ ನೋಡಬೇಕು. ಕೆರೆಗಳ ಸರಪಳಿಯಲ್ಲಿ ಮೇಲಿನದು ಒಡೆದರೆ ಕೆಳಗಿನ ಕೋಡಿಯ ಲೆಕ್ಕವೆಲ್ಲ ಸುಳ್ಳು.

ಏರಿಯ ಎತ್ತರ ಎಂದರೆ ಅದರ ಅತಿ ತಗ್ಗಾದ ಜಾಗದ ಎತ್ತರ. ಗಾರೆಯವರ ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ಕೋಡಿಯ ಮಟ್ಟದಿಂದ ಪ್ರತಿ 20 ಮೀಟರಿಗೆ ಅಳೆಯಿರಿ. ಟ್ರ್ಯಾಕ್ಟರ್ ಹತ್ತಿಳಿಯುವ ಕಡೆ, ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿ) ಮೇಲೆ, ದನ ನೀರಿಗಿಳಿಯುವ ದಾರಿಯಲ್ಲಿ ಒಂದಡಿ ಕುಸಿದಿರುವುದು ಸಾಮಾನ್ಯ. ತುಂಬುವಾಗ ಹುಲ್ಲು ಹೆರೆದು, ಹಳೆಯ ಮಣ್ಣನ್ನು ಕೆದಕಿ, ನೀರು ಚಿಮುಕಿಸಿ, 15 ಸೆಂ.ಮೀ. ಪದರದಂತೆ ಹಾಕಿ ದಮ್ಮಸು ಮಾಡಬೇಕು, ಅಂದರೆ ಕುಟ್ಟಿ ಗಟ್ಟಿ ಮಾಡಬೇಕು. ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ ನಿಲ್ಲಬೇಕು, ಅಂಗೈಗೆ ನೀರು ಹತ್ತಬಾರದು. ಮಣ್ಣಿನ ಒಂದು ಹರಳನ್ನು ಗಾಜಿನ ಲೋಟದ ತಿಳಿನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಆ ಮಣ್ಣು ಏರಿಗೆ ಬೇಡ. ಒಸರುವ ನೀರಿನಲ್ಲಿ ಅದು ಕರಗಿಹೋಗುತ್ತದೆ. ಒಡೆದ ಮನೆಯ ಇಟ್ಟಿಗೆ-ಕಾಂಕ್ರೀಟ್ ಚೂರು ಬೆಂಗಳೂರಿನ ಸುತ್ತ ಪುಕ್ಕಟೆ ಸಿಗುತ್ತದೆ. ಅದನ್ನು ಏರಿಗೆ ಸುರಿದರೆ ಒಳಗೆಲ್ಲ ಪೊಳ್ಳು.

ಹಿಂಬದಿ ಬುಡದಲ್ಲಿ ನೀರು ಜಿನುಗಿದ ಮಾತ್ರಕ್ಕೆ ಗಾಬರಿ ಬೇಡ. ಮಣ್ಣಿನ ಏರಿ ಎಂದ ಮೇಲೆ ಒಸರು ಇದ್ದದ್ದೇ. ನೋಡಬೇಕಾದದ್ದು ಎರಡು: ಬಣ್ಣ ಮತ್ತು ಪ್ರಮಾಣ. ಒಸರನ್ನು ಒಂದು ಸಣ್ಣ ಪೈಪಿಗೆ ತಿರುಗಿಸಿ, 20 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು, ಆ ದಿನದ ಕೆರೆಯ ಮಟ್ಟದ ಜೊತೆ ಬರೆದಿಡಿ. 40 ಸೆಕೆಂಡ್ ಎಂದರೆ ಸೆಕೆಂಡಿಗೆ ಅರ್ಧ ಲೀಟರ್. ಕೆರೆಯ ಮಟ್ಟ ಬದಲಾಗದೆ ಒಸರು ಹೆಚ್ಚಿದರೆ, ಇಲ್ಲವೇ ನೀರು ಕದಡಿ ಬಂದರೆ, ಏರಿಯ ಒಳಗಿಂದ ಮಣ್ಣು ಹೋಗುತ್ತಿದೆ ಎಂದೇ ಅರ್ಥ. ಆಗ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಡ ಕಟ್ಟಿ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತದೆ. ನೀರನ್ನು ಬಿಡಬೇಕು, ಮಣ್ಣನ್ನು ಹಿಡಿಯಬೇಕು. ಮೊದಲು ಒಂದು ಗೇಣು ದಪ್ಪಕ್ಕೆ ಒರಟು ಮರಳು, ಅದರ ಮೇಲೆ ಅಷ್ಟೇ ದಪ್ಪ ಸಣ್ಣ ಜಲ್ಲಿ, ನಂತರ 20 ಮಿ.ಮೀ. ಜಲ್ಲಿ, ಕೊನೆಗೆ ಭಾರಕ್ಕೆ ಸೈಜುಗಲ್ಲು. ಬುಗ್ಗೆಯಂತೆ ಮಣ್ಣು ಉಕ್ಕುತ್ತಿದ್ದರೆ ಸುತ್ತ ಮರಳು ಚೀಲದ ಬಳೆ ಕಟ್ಟಿ, ತಿಳಿನೀರು ಬರುವ ತನಕ ಒಳಗೆ ನೀರು ನಿಲ್ಲಿಸಬೇಕು.

ಇಂಥ ಸೋರಿಕೆ ಹೆಚ್ಚಾಗಿ ತೂಬಿನ ಅಕ್ಕಪಕ್ಕದಲ್ಲೇ. ಹಳೆಯ ಕಲ್ಲು ತೂಬಿನ ಸಂದಿಯ ಗಾರೆ ಹೋಗಿರುತ್ತದೆ. ಹೊಸ ಪೈಪು ಹಾಕಿದ ಕಡೆ ಪೈಪಿನ ಕೆಳಗಿನ ಮೂಲೆಗೆ ರೋಲರ್ ತಲುಪಿರುವುದಿಲ್ಲ. ಅಲ್ಲಿ ಕೈಯಿಂದಲೇ, 10 ಸೆಂ.ಮೀ. ಪದರದಲ್ಲಿ ದಮ್ಮಸು ಮಾಡಬೇಕು. ಕೊಳವೆಬಾವಿಗೆ ನೀರು ಇಂಗಲಿ ಎಂದು ಈಗ ಎಷ್ಟೋ ಕೆರೆಗಳಲ್ಲಿ ತೂಬು ಎತ್ತುವುದನ್ನೇ ಬಿಟ್ಟಿದ್ದಾರೆ. ಇಂಗಿಸಲಿ, ತಪ್ಪಲ್ಲ. ಆದರೆ ತುಕ್ಕು ಹಿಡಿದ ಗೇಟು ತುರ್ತಿಗೆ ಏಳುವುದಿಲ್ಲ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಪೂರ್ತಿ ಎತ್ತಿ ಇಳಿಸಿ, ಸ್ಕ್ರೂಗೆ ಗ್ರೀಸು ಹಾಕಿ.

ಏರಿಯ ಮೇಲಿನ ಜಾಲಿ, ಆಲ, ಅರಳಿಯನ್ನು ಗಿಡವಿದ್ದಾಗಲೇ ಕೀಳಬೇಕು. ಮರವಾದ ಮೇಲೆ ಬರೀ ಕಡಿದರೆ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ; ಬುಡ ಸಮೇತ ತೆಗೆದು ಗುಂಡಿಯನ್ನು ಪದರ ಪದರವಾಗಿ ತುಂಬಬೇಕು. ಹೆಗ್ಗಣದ ಬಿಲ, ಏಡಿ ಬಿಲಕ್ಕೂ ಅದೇ. ಹುತ್ತದ ಮೇಲೆ ಅರಿಶಿನ-ಕುಂಕುಮ ಬಿದ್ದುಬಿಟ್ಟರೆ ಮತ್ತೆ ಅಗೆಯಲು ಒಬ್ಬರೂ ಗುದ್ದಲಿ ಹಿಡಿಯುವುದಿಲ್ಲ, ಅದಕ್ಕೆ ಮುಂಚೆಯೇ ನೋಡಿಕೊಳ್ಳಿ. ಗರಿಕೆ ಇರಲಿ, ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ.

ಹೂಳು ತೆಗೆಯುವವರು ಜೆಸಿಬಿಯನ್ನು ಏರಿಯ ಬುಡಕ್ಕೇ ತರುತ್ತಾರೆ. ಅಲ್ಲಿನ ಗೋಡು, ಅಂದರೆ ನುಣುಪಾದ ಹೂಳುಮಣ್ಣು, ಒಸರನ್ನು ತಡೆಯುವ ಹಾಸು. ಒಳಬುಡದಿಂದ ಕನಿಷ್ಠ 15 ಮೀಟರ್ ಬಿಟ್ಟು ಅಗೆಯಿರಿ.

ನೀರಿನ ಲೆಕ್ಕಕ್ಕೆ ತೂಬಿನ ಕಂಬದ ಮೇಲೆ ಹತ್ತು ಸೆಂ.ಮೀ.ಗೊಂದು ಗೆರೆ ಸಾಕು. ನೀರಿನ ಹರವು (ಚದರ ಮೀಟರಿನಲ್ಲಿ; ಒಂದು ಹೆಕ್ಟೇರಿಗೆ 10,000), ಅತಿ ಹೆಚ್ಚಿನ ಆಳ, 0.4 ಮೂರನ್ನೂ ಗುಣಿಸಿದರೆ ನೀರಿನ ಅಂದಾಜು: 4 ಹೆಕ್ಟೇರ್, 3 ಮೀಟರಿಗೆ 48,000 ಘನ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ ತುಂಬಿದ ಕೆರೆಯಿಂದ 200 ಘನ ಮೀಟರ್ ಹೋಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತಿದ್ದರೆ, ಇಂಗುವುದನ್ನು ಬಿಟ್ಟರೆ ಪಂಪು ಅಥವಾ ಸೋರಿಕೆ ಹುಡುಕಿ. ನೀರು ಇಳಿಸುವಾಗ ದಿನಕ್ಕೆ 30 ಸೆಂ.ಮೀ. ಮೀರಬೇಡಿ, ನೆನೆದ ಒಳಮೈಗೆ ಎದುರಿನ ನೀರಿನ ಆಸರೆ ತಟ್ಟನೆ ತಪ್ಪಿದರೆ ಕಲ್ಲುಕಟ್ಟಣೆ ಸಮೇತ ಜಾರುತ್ತದೆ.

ಏರಿ ಒಡೆಯುವ ಹಂತಕ್ಕೆ ಬಂದಾಗ ಮಾತ್ರ ಈ ಮಿತಿ ಮರೆಯಬಹುದು. ಕೆಳಗಿನ ಮನೆಗಳನ್ನು ಮೊದಲು ತೆರವು ಮಾಡಿಸಿ, ತೂಬು ಪೂರ್ತಿ ಎತ್ತಿ. ಅದೂ ಸಾಲದೆ ನೀರಿಗೆ ದಾರಿ ಕಡಿಯಲೇಬೇಕಾದರೆ ಏರಿಯನ್ನು ಮುಟ್ಟಬೇಡಿ. ಕೋಡಿಯ ಆಚೆ, ಬಂಡೆಯೋ ಗಟ್ಟಿ ಮೊರಂ ನೆಲವೋ ಇರುವ ಕಡೆ ಕಡಿಯಿರಿ. ಆ ಜಾಗವನ್ನು ಬೇಸಿಗೆಯಲ್ಲೇ ಗುರುತು ಮಾಡಿ, ಇಲಾಖೆಯ ಇಂಜಿನಿಯರಿಗೆ ತೋರಿಸಿ ಒಪ್ಪಿಗೆ ಪಡೆದು, ಕೆಳಗಿನ ಊರಿಗೂ ತಿಳಿಸಿರಬೇಕು.