ಗಂಟು ಬಿಗಿದ ಕೈಯಲ್ಲಿ ಮನೆ ನಡೆಸುವ ತಾಯಂದಿರಿಗೆ

ಸಂಧಿವಾತ ಇರುವ ತಾಯಿ ಮನೆಯಲ್ಲಿ ಮೊದಲು ಬದಲಾಯಿಸಬೇಕಾದದ್ದು ಕೆಲಸದ ಹೊತ್ತನ್ನು. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಿನ ವಿಷಯ ಇದಲ್ಲ. ರುಮಟಾಯ್ಡ್ ಸಂಧಿವಾತ ಬೇರೆಯೇ ಕಾಯಿಲೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಅದರಲ್ಲಿ ಕೀಲುಗಳ ಒಳಪದರದ ಮೇಲೆ ಎರಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎಷ್ಟೋ ಮಂದಿಗೆ ಮಕ್ಕಳಿನ್ನೂ ಶಾಲೆಗೆ ಹೋಗುವ ಕಾಲದಲ್ಲಿಯೇ ಶುರುವಾಗುತ್ತದೆ. ನನಗೂ ಹಾಗೆಯೇ ಆಯಿತು. ಈಗ ಮೊಮ್ಮಕ್ಕಳನ್ನು ಕಂಡಿದ್ದೇನೆ. ಉಡುಪಿಯ ನಮ್ಮ ಹಂಚಿನ ಮನೆಯಲ್ಲಿ ಇಷ್ಟು ಮಳೆಗಾಲಗಳನ್ನು ಇದೇ ಕೈಗಳಲ್ಲಿ ದಾಟಿದ ಮೇಲೆ, ಚಿಕ್ಕ ವಯಸ್ಸಿನ ತಾಯಂದಿರಿಗೆ ಹೇಳಲು ಕೆಲವು ಮಾತುಗಳಿವೆ.

ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಯಿಂದ ಒಂದೆರಡು ಗಂಟೆಯವರೆಗೂ ಬಿಡುವುದಿಲ್ಲ. ಮಕ್ಕಳ ತಿಂಡಿ, ಬುತ್ತಿ, ಸ್ನಾನ, ಶಾಲೆಯ ಬಸ್ಸು ಎಲ್ಲವೂ ಬಂದು ಬೀಳುವುದು ಅದೇ ಹೊತ್ತಿಗೆ. ಮೈ ಒಪ್ಪದ ಗಂಟೆಯಲ್ಲಿ ಕೈಯನ್ನು ಹಿಂಸಿಸಿ ಕೆಲಸ ತೆಗೆಸಿದರೆ ಮಧ್ಯಾಹ್ನಕ್ಕೆ ಊತ, ಸಂಜೆಗೆ ಸಿಡುಕು. ಆದ್ದರಿಂದ ಬೆಳಗಿನ ಕೆಲಸದಲ್ಲಿ ಆದಷ್ಟನ್ನು ಹಿಂದಿನ ದಿನಕ್ಕೆ ದಾಟಿಸಿ. ಹೆಚ್ಚಿನವರಿಗೆ ಕೈ ಸಡಿಲವಾಗಿರುವುದು ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ಒಳಗೆ. ತರಕಾರಿ ಹೆಚ್ಚುವುದು, ಅರೆಯುವುದು, ಬಟ್ಟೆ ಮಡಚುವುದು ಆ ಹೊತ್ತಿಗೆ ಇರಲಿ. ನೀರುದೋಸೆಯ ಅಕ್ಕಿಯನ್ನು ಬೆಳಗ್ಗೆ ಎದ್ದು ಅರೆಯಬೇಕೆಂಬ ನಿಯಮ ಯಾರೂ ಮಾಡಿಲ್ಲ. ಅದು ಹುದುಗುವ ಹಿಟ್ಟಲ್ಲ, ಸಂಜೆ ಗಟ್ಟಿಯಾಗಿ ಅರೆದು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ನೀರು ಬೆರೆಸಿ ಹೊಯ್ದರೆ ಸಾಕು. ಬಚ್ಚಲಿನಲ್ಲಿ ಹಂಡೆ ಇದ್ದರೆ ಎದ್ದ ಕೂಡಲೇ ಒಂದು ಪಾತ್ರೆ ಬಿಸಿನೀರಿನಲ್ಲಿ ಕೈಗಳನ್ನು ಮುಳುಗಿಸಿ, ಒಳಗೇ ಬೆರಳು ಮಡಚಿ ಬಿಡಿಸುತ್ತಾ ಕುಳಿತುಕೊಳ್ಳಿ. ಒಲೆಗೆ ಬೆಂಕಿ ಹಾಕುವ ಕೆಲಸ ಮನೆಯಲ್ಲಿ ಬೇರೆಯವರದಾಗಲಿ.

ಅಡುಗೆಮನೆಯಲ್ಲಿ ಅತಿ ಹೆಚ್ಚು ನೋಯಿಸುವುದು ಕುಚ್ಚಲಕ್ಕಿ ಎಂದರೆ ಹೊರಗಿನವರಿಗೆ ಆಶ್ಚರ್ಯವಾಗಬಹುದು. ಅನ್ನದಿಂದಲ್ಲ, ಬಸಿಯುವುದರಿಂದ. ಕುದಿಯುವ ಗಂಜಿಯ ದೊಡ್ಡ ಪಾತ್ರೆಯನ್ನು ಎರಡು ಬಟ್ಟೆ ಹಿಡಿದು ಬಗ್ಗಿಸುವಾಗ ಪೂರ್ತಿ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಕೈ ಸೋತರೆ ಸುಡುತ್ತದೆ. ಪಾತ್ರೆಯನ್ನು ಎತ್ತಲೇಬೇಡಿ. ಉದ್ದ ಹಿಡಿಯ ತೂತಿನ ಸೌಟಿನಿಂದ ಅನ್ನವನ್ನು ಮೇಲಕ್ಕೆ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ, ತಿಳಿ ಅಲ್ಲಿಯೇ ಉಳಿಯಲಿ, ತಣಿದ ಮೇಲೆ ಯಾರಾದರೂ ತೆಗೆಯುತ್ತಾರೆ. ಶಾಖ ಹಿಡಿದಿಡುವ ಥರ್ಮಲ್ ಕುಕ್ಕರ್ ಕೊಳ್ಳಲು ಸಾಧ್ಯವಾದರೆ ಖಂಡಿತ ಕೊಳ್ಳಿ. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ ಪೆಟ್ಟಿಗೆಯೊಳಗಿಟ್ಟು ಮುಚ್ಚಿದರೆ ಒಂದು ಗಂಟೆಯ ಆಚೀಚೆ ತಾನೇ ಬೇಯುತ್ತದೆ. ಒಲೆಯ ಮುಂದೆ ನಿಲ್ಲುವುದು ತಪ್ಪುತ್ತದೆ, ಗ್ಯಾಸೂ ಉಳಿಯುತ್ತದೆ. ಅಕ್ಕಿಯಿಂದ ಅಕ್ಕಿಗೆ ಬೇಯುವ ಕಾಲ ಬೇರೆ, ಮೊದಲ ಕೆಲವು ಸಲ ನೋಡಿ ಹೊಂದಿಸಿಕೊಳ್ಳಬೇಕು.

ತೆಂಗಿನಕಾಯಿ ಇಲ್ಲದೆ ನಮ್ಮ ಪದಾರ್ಥ ಇಲ್ಲ, ತುರಿಮಣೆಯ ಮೇಲೆ ದಿನವೂ ಕೂರಲು ಈ ಕೈಗೆ ಆಗುವುದಿಲ್ಲ. ಭಾನುವಾರ ಮನೆಯ ಗಂಡಸರೋ ದೊಡ್ಡ ಮಗನೋ ವಾರಕ್ಕೆ ಬೇಕಾದಷ್ಟು ಕಾಯಿ ತುರಿದು ಕೊಡಲಿ. ಒಂದು ಹೊತ್ತಿನ ಪದಾರ್ಥಕ್ಕೆ ಎಷ್ಟು ಬೇಕೋ ಅಷ್ಟಷ್ಟನ್ನೇ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡಿ. ಒಂದೇ ದೊಡ್ಡ ಡಬ್ಬಿಯಲ್ಲಿಟ್ಟರೆ ಕಲ್ಲಿನಂತಾದ ತುರಿಯನ್ನು ಒಡೆಯಲು ಮತ್ತೆ ಕೈಯೇ ಬೇಕಾಗುತ್ತದೆ. ಕೊತ್ತಂಬರಿ, ಬ್ಯಾಡಗಿ ಮೆಣಸು, ಜೀರಿಗೆ, ಮೆಂತೆಗಳನ್ನು ಹುರಿದು ಕಾಯಿ ಸೇರಿಸದೆ ಒಣಪುಡಿ ಮಾಡಿಟ್ಟುಕೊಂಡರೆ ಮೀನಿನ ಪದಾರ್ಥಕ್ಕೂ ಕೊದ್ದೆಲಿಗೂ ಆಗುತ್ತದೆ. ತೀರಾ ಆಗದ ದಿನಕ್ಕೆ ಅಂಗಡಿಯ ಕೋರಿರೊಟ್ಟಿಯ ಕಟ್ಟು ಮನೆಯಲ್ಲಿರಲಿ, ಹಿಂದಿನ ದಿನದ ಪದಾರ್ಥ ಬಿಸಿ ಮಾಡಿ ಹೊಯ್ದರೆ ಮಕ್ಕಳು ಸಂತೋಷದಿಂದ ತಿನ್ನುತ್ತಾರೆ. ಅದಕ್ಕಾಗಿ ಯಾವ ತಾಯಿಯೂ ತಲೆ ತಗ್ಗಿಸಬೇಕಾಗಿಲ್ಲ.

ಮೀನನ್ನು ಮಾರುಕಟ್ಟೆಯಲ್ಲಿಯೇ ಕತ್ತರಿಸಿ ತೊಳೆಸಿ ತರಿಸಿ. ಬಂಗುಡೆ, ಬೂತಾಯಿಗಳಲ್ಲಿರುವ ಎಣ್ಣೆಯ ಅಂಶ ಉರಿಯೂತಕ್ಕೆ ಒಳ್ಳೆಯದು, ಆದರೆ ಅದರಿಂದಲೇ ಕಾಯಿಲೆ ವಾಸಿಯಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಮನೆಮನೆಯಲ್ಲಿ ಒಣಮೀನು. ಈ ಕಾಯಿಲೆಯ ಊತ ಇಳಿಸಲು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದೊತ್ತಡ ಏರುವ ಭಯವಿದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಉಪ್ಪು ಅದನ್ನು ಇನ್ನೂ ಹೆಚ್ಚಿಸುತ್ತದೆ. ಒಣಮೀನು, ಉಪ್ಪಿನಕಾಯಿ, ಹಪ್ಪಳ ಮೂರನ್ನೂ ಒಂದೇ ಗಂಜಿ ಊಟಕ್ಕೆ ಬಡಿಸಿಕೊಳ್ಳಬೇಡಿ.

ಸಣ್ಣ ಕೀಲಿನ ಕೆಲಸವನ್ನು ದೊಡ್ಡ ಕೀಲಿಗೆ ಕೊಡಬೇಕು. ನನಗೆ ಫಿಸಿಯೊಥೆರಪಿಯವರು ಕಲಿಸಿದ ಈ ಒಂದು ಮಾತಿನಲ್ಲಿ ಅರ್ಧ ಮನೆಗೆಲಸ ಅಡಗಿದೆ. ಚೀಲವನ್ನು ಬೆರಳಿಗೆ ತೂಗುಹಾಕದೆ ಮೊಣಕೈಗೆ ಏರಿಸಿ. ಪಾತ್ರೆಯ ಕಿವಿಯನ್ನು ಹಿಡಿಯದೆ ಎರಡೂ ಅಂಗೈಗಳನ್ನು ಅಡಿಗೆ ಕೊಟ್ಟು ಎತ್ತಿ. ಬೀರು, ಫ್ರಿಜ್ಜುಗಳ ಬಾಗಿಲನ್ನು ಭುಜದಿಂದ ತಳ್ಳಿ. ಮುಚ್ಚಳ ತೆರೆಯುವಾಗ ಬೆರಳಿನಿಂದ ತಿರುಚಬೇಡಿ, ಒಂದು ರಬ್ಬರಿನ ತುಂಡಿಟ್ಟು ಅಂಗೈಯಿಂದ ಒತ್ತಿ ತಿರುಗಿಸಿ. ಬಿಗಿದ ಮುಚ್ಚಳಕ್ಕೆ ಸ್ವಲ್ಪ ಹೊತ್ತು ಬಿಸಿನೀರು ತಾಗಿಸಿದರೆ ಸಡಿಲವಾಗುತ್ತದೆ. ಒದ್ದೆ ಬಟ್ಟೆ ಹಿಂಡುವುದನ್ನು ಪೂರ್ತಿ ಬಿಟ್ಟುಬಿಡಿ. ಯಂತ್ರವಿದ್ದರೆ ಎರಡು ಸಲ ತಿರುಗಿಸಿ, ಇಲ್ಲದಿದ್ದರೆ ಬಟ್ಟೆಯನ್ನು ಒಣ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಸುತ್ತಿ ಅದರ ಮೇಲೆ ಮಕ್ಕಳನ್ನು ನಡೆದಾಡಲು ಬಿಡಿ. ದಿನವೂ ಬಳಸುವ ಪಾತ್ರೆಗಳು ಸೊಂಟದಿಂದ ಎದೆಯ ಎತ್ತರದೊಳಗೆ ಇರಲಿ. ಅಟ್ಟದ ಮೇಲಿನ ಹಿತ್ತಾಳೆಯ ಚರಿಗೆಗಳನ್ನು ಹಬ್ಬಕ್ಕೆ ಯಾರಾದರೂ ಇಳಿಸುತ್ತಾರೆ.

ಮಳೆಗಾಲದ ತಯಾರಿಗೆ ಮೇ ತಿಂಗಳಲ್ಲಿಯೇ ಕೈ ಹಾಕಬೇಕು. ನಮ್ಮ ಕರಾವಳಿಯಲ್ಲಿ ಜೂನ್ ಮೊದಲ ವಾರದ ಆಚೀಚೆ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅಷ್ಟು ತಿಂಗಳು ಅಂಗಳದಲ್ಲಿ ಪಾಚಿ ಬೆಳೆಯುತ್ತದೆ. ಸ್ಟೀರಾಯ್ಡಿನಿಂದ ಮೂಳೆ ತೆಳುವಾದವರು ಒಮ್ಮೆ ಜಾರಿ ಬಿದ್ದರೆ ಇಡೀ ಮನೆಯೇ ನಿಲ್ಲುತ್ತದೆ. ಹಿರಿಯರು ಅಂಗಳದ ದಾರಿಗೆ ಅಡಿಕೆಯ ಸೋಗೆ, ತೆಂಗಿನ ಗರಿ ಹಾಸುತ್ತಿದ್ದದ್ದು ಸುಮ್ಮನೆ ಅಲ್ಲ. ಈಗಲೂ ಬಾವಿಕಟ್ಟೆಯವರೆಗೆ, ಬಚ್ಚಲಿನವರೆಗೆ ಹಾಸಿಸಿ. ಸಿಮೆಂಟಿನ ಅಂಗಳಕ್ಕೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬಹುದು, ಆದರೆ ಅದರ ಜೊತೆ ಆಸಿಡ್ ಆಗಲಿ ವಿನೆಗರ್ ಆಗಲಿ ಎಂದಿಗೂ ಸೇರಬಾರದು, ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಗೋಡೆಯ ಮೇಲೆ, ಚಪ್ಪಲಿಯ ಮೇಲೆ, ಕಪಾಟಿನ ಒಳಗೆ ಬರುವ ಬೂಷ್ಟನ್ನು ತೆಗೆಯುವ ಕೆಲಸ ನಿಮ್ಮದಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಲ್ಲಿ ಇರುವವರು ಆ ಧೂಳನ್ನು ಉಸಿರಾಡಬಾರದು. ಇನ್ನೊಬ್ಬರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಣಗಿಸಿ ಗುಡಿಸದೆ ಒದ್ದೆ ಬಟ್ಟೆಯಿಂದಲೇ ಒರೆಸಿ ತೆಗೆಯಲಿ. ಮಳೆಯಲ್ಲಿ ಬಾವಿ ನೀರು ಕೆಂಪಾಗುತ್ತದೆ, ಕುಡಿಯುವ ನೀರನ್ನು ಕುದಿಸದೆ ಕೊಡಬೇಡಿ.

ನಮ್ಮಲ್ಲಿ ಜೋರು ಮಳೆ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ, ಕೆಲವೊಮ್ಮೆ ಬೆಳಗ್ಗೆ ಎದ್ದ ಮೇಲೆಯೇ ತಿಳಿಯುತ್ತದೆ. ಮಕ್ಕಳಿಗೆ ಹಬ್ಬ, ಬೆರಳು ಬಿಗಿದ ತಾಯಿಗೆ ದಿನದ ಲೆಕ್ಕವೇ ತಪ್ಪುತ್ತದೆ. ರಜೆಯ ದಿನ ಯಾರು ಏನು ಮಾಡಬೇಕೆಂದು ಮಕ್ಕಳ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಆರು ವರ್ಷದ ಮಗು ತಟ್ಟೆ ಇಡಬಲ್ಲದು, ಹತ್ತು ವರ್ಷದವಳು ತಮ್ಮನ ಗುಂಡಿ ಹಾಕಬಲ್ಲಳು. ನೋವನ್ನು ಮಕ್ಕಳಿಂದ ಮುಚ್ಚಿಡುವುದು ಒಳ್ಳೆಯದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದು ಹೇಳದೆ ಅಮ್ಮ ಮುಖ ಗಂಟಿಕ್ಕಿದರೆ ಮಗು ತನ್ನದೇ ತಪ್ಪು ಎಂದು ತಿಳಿಯುತ್ತದೆ. “ಇವತ್ತು ನನ್ನ ಕೈ ನೋಯುತ್ತಿದೆ, ಸಿಟ್ಟು ನಿನ್ನ ಮೇಲಲ್ಲ” ಎಂದರೆ ಸಾಕು. ಗಂಡ ಕೊಲ್ಲಿ ದೇಶದಲ್ಲೋ ಮುಂಬೈಯಲ್ಲೋ ಇದ್ದು, ಅತ್ತೆ ಮಾವಂದಿರನ್ನೂ ಒಬ್ಬಳೇ ನೋಡಿಕೊಳ್ಳುವ ತಾಯಂದಿರು ನಮ್ಮ ಜಿಲ್ಲೆಗಳಲ್ಲಿ ಬಹಳ. ಅಂಥ ಗಂಡ ಹಣ ಕಳಿಸಿದರೆ ಮುಗಿಯುವುದಿಲ್ಲ. ಸಂಜೆಯ ವಿಡಿಯೊ ಕರೆಯಲ್ಲಿ ಮಕ್ಕಳ ಮಗ್ಗಿ, ಉಕ್ತಲೇಖನಗಳನ್ನು ಅವನೇ ನೋಡಿಕೊಳ್ಳಲಿ, ಆ ಹೊತ್ತಿನಲ್ಲಿ ನೀವು ಮಲಗಿ.

ಇನ್ನು ಔಷಧಿ. ಇಲ್ಲಿ ನಾನು ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನದ್ದು. ಬಿಪಿ, ಥೈರಾಯ್ಡ್ ಮಾತ್ರೆಗಳ ಜೊತೆ ಇದನ್ನೂ ದಿನಾ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದರ ಡಬ್ಬಿಯನ್ನು ಬೇರೆಯೇ ಇಡಿ, ವಾರದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಮನೆಯಲ್ಲಿ ಇನ್ನೊಬ್ಬರಿಗೂ ಆ ದಿನ ಗೊತ್ತಿರಲಿ. ಮಾರನೆಯ ದಿನ ಹಲವರಿಗೆ ವಾಕರಿಕೆ, ಸುಸ್ತು ಇರುತ್ತದೆ. ಆದ್ದರಿಂದ ವೈದ್ಯರನ್ನು ಕೇಳಿ ಶನಿವಾರ ರಾತ್ರಿಗೆ ಇಟ್ಟುಕೊಂಡರೆ ಭಾನುವಾರ ನಿಧಾನವಾಗಿ ಏಳಬಹುದು. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಅನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪಿಸಬೇಡಿ. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ಮಕ್ಕಳ ಶುಲ್ಕ ಕಟ್ಟುವುದಿದೆ ಎಂದು ಮುಂದೂಡಬೇಡಿ. ಈ ಮಾತ್ರೆ ಗರ್ಭದ ಶಿಶುವಿಗೆ ಹಾನಿ ಮಾಡುತ್ತದೆ. ಇನ್ನೊಂದು ಮಗು ಬೇಕೆಂದಿದ್ದರೆ ಮೊದಲೇ ವೈದ್ಯರ ಜೊತೆ ಮಾತಾಡಬೇಕು. ಸ್ಟೀರಾಯ್ಡನ್ನು ಚೆನ್ನಾಗಿದೆ ಎಂದು ತಾವೇ ಒಮ್ಮೆಲೇ ನಿಲ್ಲಿಸಬಾರದು. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಹಾಕಬಾರದು, ಅಂಗಡಿಯಿಂದ ತಂದು ತಿಂಗಳುಗಟ್ಟಲೆ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮಳೆಗಾಲದ ತೇವಕ್ಕೆ ಮಾತ್ರೆಗಳು ಹಾಳಾಗುತ್ತವೆ. ಅಡುಗೆಮನೆಯ ಕಿಟಕಿಯಲ್ಲಿ ಬೇಡ, ಮಲಗುವ ಕೋಣೆಯ ಕಪಾಟಿನಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಚುಚ್ಚುಮದ್ದನ್ನು ಫ್ರಿಜ್ಜಿನಲ್ಲಿ ಇಡಬೇಕೆಂದಿದ್ದರೆ ನಡುವಿನ ಅಂಕಣದಲ್ಲಿಡಿ, ಹೆಪ್ಪುಗಟ್ಟಬಾರದು. ಗಾಳಿಮಳೆಗೆ ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯಬೇಡಿ.

ತುಳು ತಿಂಗಳಾದ ಆಟಿಯ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಮನೆಯಲ್ಲೂ ಉಂಟು, ಆ ಪದ್ಧತಿಯ ಮೇಲೆ ನನಗೆ ಗೌರವ ಉಂಟು. ಆದರೆ ಯಕೃತ್ತಿನ ಮೇಲೆ ಭಾರ ಹಾಕುವ ಔಷಧಿಯಲ್ಲಿರುವ ಸೊಸೆಗೆ ಅದನ್ನು ಒತ್ತಾಯ ಮಾಡಬೇಡಿ ಎಂದು ಅತ್ತೆಯಂದಿರಲ್ಲಿ ಕೇಳಿಕೊಳ್ಳುತ್ತೇನೆ. ನಸುಕಿನ ಕತ್ತಲೆಯಲ್ಲಿ ಹಾಲೆ ಎಂದು ವಿಷದ ಕಾಸರಕನ ತೊಗಟೆ ತಂದು ಅನಾಹುತವಾದದ್ದೂ ಉಂಟು. ಅವಳಿಗೆ ಮೆಂತೆಗಂಜಿ ಬಡಿಸಿ, ಪತ್ರೊಡೆಯೂ ಇರಲಿ.

ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಇರುತ್ತವೆ. ಬೇರೆಯವರು ಜ್ವರಕ್ಕೆ ಒಂದು ದಿನ ಕಾದು ನೋಡಬಹುದು, ನೀವು ಕಾಯಬಾರದು. ಜ್ವರ ಬಂದ ದಿನವೇ ವೈದ್ಯರಿಗೆ ತಿಳಿಸಿ, ವಾರದ ಮಾತ್ರೆಯನ್ನು ಅಂದು ತೆಗೆದುಕೊಳ್ಳಬೇಕೇ ಬಿಡಬೇಕೇ ಎಂದೂ ಕೇಳಿ. ಇಲಿಜ್ವರ ಇಲಿಯ ಮೂತ್ರ ಸೇರಿದ ನೀರಿನಿಂದ ಬರುವುದರಿಂದ ಕಾಲಿನಲ್ಲಿ ಗಾಯವಿದ್ದಾಗ ತೋಟದ ನಿಂತ ನೀರಿಗೆ ಇಳಿಯಬೇಡಿ.

ಆಸ್ಪತ್ರೆಗೆ ಹೋಗುವ ದಿನ ಬೆಳಗಿನ ಮೊದಲ ಬಸ್ಸಿಗೆ ಓಡಬೇಡಿ. ಮಣಿಪಾಲದ ಆಸ್ಪತ್ರೆಯಾಗಲಿ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಾಗಲಿ, ನೋಡುವ ಸಮಯವನ್ನು ಮೊದಲೇ ಕೇಳಿಕೊಂಡು, ಸಾಧ್ಯವಿದ್ದಲ್ಲಿ ಹತ್ತರ ನಂತರದ ಸರದಿ ಪಡೆಯಿರಿ. ನಮ್ಮ ಖಾಸಗಿ ಬಸ್ಸುಗಳ ಮೆಟ್ಟಿಲು ಎತ್ತರ, ನಿಲ್ಲಿಸುವ ಹೊತ್ತು ಕಡಿಮೆ. ಹತ್ತುವಾಗ ಕಂಬಿಯನ್ನು ಬೆರಳಿನಿಂದ ಹಿಡಿಯದೆ ತೋಳು ಸುತ್ತಿ ಹಿಡಿಯಿರಿ, ನಿರ್ವಾಹಕರಿಗೆ ನಿಧಾನ ಎಂದು ಗಟ್ಟಿಯಾಗಿ ಹೇಳಿ. ದಾರಿಯಲ್ಲಿ ಸರಕಾರಿ ಬಸ್ಸು ಸಿಕ್ಕಿದರೆ ಆಧಾರ್ ಚೀಟಿ ಜೊತೆಗಿರಲಿ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಮಾತ್ರೆಗಳನ್ನು ಬರೆದುಕೊಟ್ಟಾಗ ಜನೌಷಧಿ ಕೇಂದ್ರದಲ್ಲಿ ಯಾವುದು ಸಿಗುತ್ತದೆಂದು ಅಲ್ಲಿಯೇ ವಿಚಾರಿಸಿ, ತಿಂಗಳ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ವೈದ್ಯರ ಮುಂದೆ ಕುಳಿತಾಗ “ನೋವು ಸ್ವಲ್ಪ ಇದೆ” ಎನ್ನಬೇಡಿ. ನಾವು ಹೆಂಗಸರು ಎಲ್ಲವನ್ನೂ ಸ್ವಲ್ಪ ಎನ್ನುತ್ತೇವೆ. ಲೋಟ ಹಿಡಿಯಲು ಆಗುವುದಿಲ್ಲ, ಮಗಳ ಜಡೆ ಹೆಣೆಯಲು ಆಗುವುದಿಲ್ಲ, ಬೆಳಗ್ಗೆ ಬಿಗಿತ ಬಿಡಲು ಇಷ್ಟು ಹೊತ್ತು ಬೇಕು ಎಂದು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿ. ಔಷಧಿಯ ಪ್ರಮಾಣ ಏರಿಸಬೇಕೇ ಇಳಿಸಬೇಕೇ ಎಂದು ಅವರು ತೀರ್ಮಾನಿಸಲು ಅದು ಬೇಕು. ಮಣಿಕಟ್ಟಿಗೆ ಪಟ್ಟಿ ಬೇಕೇ, ಬೆರಳಿಗೆ ಯಾವ ವ್ಯಾಯಾಮ ಎಂಬುದನ್ನು ಅದೇ ದಿನ ಫಿಸಿಯೊಥೆರಪಿ ವಿಭಾಗದಲ್ಲಿ ಕೇಳಿಕೊಂಡು ಬನ್ನಿ, ಇನ್ನೊಂದು ಪ್ರಯಾಣ ಉಳಿಯುತ್ತದೆ.