ಝೆಂಟ್ಯಾಂಗಲ್‌ಗೆ ಮೊದಲ ಎಳೆ ಎಲ್ಲಿಂದ ತರುವುದು?

ಅಮೆರಿಕದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ರೂಪಿಸಿದ ಝೆಂಟ್ಯಾಂಗಲ್ ಎಂದರೆ ಕಾಗದದ ಮೇಲೆ ಕೋಣೆ ಮಾಡಿ, ಒಂದೊಂದಕ್ಕೂ ಪೆನ್ನಿನಿಂದ ವಿನ್ಯಾಸ ತುಂಬುವ ಚಿತ್ರಕಲೆ. ಇದರಲ್ಲಿ ಮೂರೂವರೆ ಇಂಚಿನ ಚೌಕ ಕಾಗದವೇ ಅಂಗಳ. ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಟ್ಟು, ಕೂಡಿಸಿ ಚೌಕಟ್ಟು ಮಾಡಿ, ಅದರೊಳಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯುತ್ತಾರೆ. ಅದಕ್ಕೆ ಅವರು ಸ್ಟ್ರಿಂಗ್ ಎನ್ನುತ್ತಾರೆ. ರಂಗೋಲಿ ಗೊತ್ತಿದ್ದವರಿಗೆ ಎಳೆ ಎಂದರೆ ಸಾಕು. ರಂಗೋಲಿಯ ಎಳೆ ಎದ್ದು ಕಾಣಬೇಕು, ಇದು ಮಾತ್ರ ಕೊನೆಗೆ ಮಾಯವಾಗಬೇಕು. ಅದರ ಕೆಲಸ ಜಾಗವನ್ನು ಕೋಣೆಗಳಾಗಿ ಹಂಚುವುದಷ್ಟೇ.

ದಿನವೂ ಕೈ ಅದೇ ಎಸ್ ಆಕಾರವನ್ನೋ ಝಡ್ ಆಕಾರವನ್ನೋ ಎಳೆಯತೊಡಗಿದರೆ ಹೂ ಕಟ್ಟುವ ದಾರ ತನ್ನಿ. ಸುಮಾರು 25 ಸೆಂ.ಮೀ. ತುಂಡನ್ನು ಒಂದು ಗೇಣು ಮೇಲಿನಿಂದ ಕಾಗದದ ಮೇಲೆ ಬಿಡಿ. ಉಂಡೆಯಿಂದ ಆಗಷ್ಟೇ ಬಿಚ್ಚಿದ ದಾರ ಸುರುಳಿ ಬಿಡದೆ ಎಲ್ಲ ಸಲವೂ ಒಂದೇ ಥರ ಬೀಳುತ್ತದೆ, ಮೊದಲು ಬೆರಳಲ್ಲಿ ನೀವಿಕೊಳ್ಳಿ. ದಾರದ ಪಕ್ಕದಲ್ಲೇ ಪೆನ್ಸಿಲ್ ಓಡಿಸಲು ಹೋದರೆ ಅದು ಜರುಗುತ್ತದೆ. ತಿರುವು ಮತ್ತು ದಾಟು ಇರುವಲ್ಲೆಲ್ಲ ಸಣ್ಣ ಚುಕ್ಕಿ ಇಟ್ಟು, ದಾರ ಎತ್ತಿ, ಆಮೇಲೆ ಕೂಡಿಸಿ. ತುದಿಗಳು ನಡುವೆಯೇ ನಿಂತಿದ್ದರೆ ಚೌಕಟ್ಟಿನವರೆಗೆ ಎಳೆಯಿರಿ. ಇಲ್ಲದಿದ್ದರೆ ಕೋಣೆ ಮುಚ್ಚಿಕೊಳ್ಳುವುದಿಲ್ಲ.

ಕನ್ನಡ ಅಕ್ಷರಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಳ, ಇ, ಕ್ಷ ಇವುಗಳಲ್ಲಿ ಒಂದನ್ನು ಚೌಕಟ್ಟಿಗಿಂತ ದೊಡ್ಡದಾಗಿ ಬರೆಯಿರಿ, ಚೌಕಟ್ಟಿನ ಹೊರಗೆ ಚಾಚುವ ಭಾಗವನ್ನು ಬಿಟ್ಟುಬಿಡಿ. ಕಾಗದವನ್ನು ಕಾಲು ಸುತ್ತು ತಿರುಗಿಸಿ. ಅಕ್ಷರ ಇನ್ನೂ ಓದಲು ಸಿಕ್ಕರೆ ಮತ್ತೊಂದು ಕಾಲು ಸುತ್ತು ತಿರುಗಿಸಿ, ಇಲ್ಲವಾದರೆ ವಿನ್ಯಾಸ ಬಿಟ್ಟು ಅಕ್ಷರಕ್ಕೇ ಅಲಂಕಾರ ಮಾಡುತ್ತಾ ಕೂರುತ್ತೀರಿ. ಠ ಮಾತ್ರ ಬೇಡ: ನಡುವೆ ದುಂಡು ಕೋಣೆ ಬಂದು ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಿಟಕಿ ಸರಳಿನ ನೆರಳು, ಲೋಟದ ತಳದ ವೃತ್ತದ ಎರಡು ತುಣುಕು, ಮುದುರಿ ಬಿಡಿಸಿದ ಕಾಗದದ ಮಡಿಕೆ, ಭೂಪಟದಲ್ಲಿ ನದಿಯ ತಿರುವು, ಯಾವುದೂ ಆದೀತು. ಕಣ್ಣು ಮುಚ್ಚಿ ಎಳೆಯುವ ಉಪಾಯ ಹೇಳುವವರಿದ್ದಾರೆ. ಕೈ ಮಾತ್ರ ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಎಳೆದ ಮೇಲೆ ಕೋಣೆ ಎಣಿಸಿ. ನಾಲ್ಕರಿಂದ ಆರು ಚೆನ್ನ. ಹತ್ತು ದಾಟಿದರೆ ಕೆಲವು ಕೋಣೆಗಳು ಹೆಬ್ಬೆರಳಿನ ಉಗುರಿನಷ್ಟಾಗಿ, ಫ್ಲೋರ್ಝ್‌ನಂಥ ಜಾಲರಿ ವಿನ್ಯಾಸಕ್ಕೆ ನಾಲ್ಕು ಚೌಕವೂ ಹಿಡಿಸುವುದಿಲ್ಲ. ಚೂಪು ಮೂಲೆಗೆ ಟಿಪಲ್ ಎಂಬ ವಿನ್ಯಾಸದ ಗುಂಡುಗಳನ್ನು ತುಂಬಿ. ಕ್ರೆಸೆಂಟ್ ಮೂನ್ ಅಂಚಿನಿಂದ ಹುಟ್ಟುವ ವಿನ್ಯಾಸ, ಅದಕ್ಕೆ ಉದ್ದನೆಯ ಬಾಗು ಸಿಗಲಿ. ಪಟ್ಟಿಗಳು ಒಂದರಡಿ ಒಂದು ನುಸುಳುವ ಹಾಲಿಬೋಗೆ ಎಲ್ಲಕ್ಕಿಂತ ದೊಡ್ಡ ಕೋಣೆ ಬಿಡಿ.

ಪೆನ್ಸಿಲ್ ಎಚ್‌ಬಿ ಅಥವಾ 2ಬಿ ಇರಲಿ, ಹಿಡಿತ ಸಡಿಲವಾಗಿರಲಿ. ಗಡಸಾದ 2ಎಚ್ ಪೆನ್ಸಿಲ್ ಕಾಗದದಲ್ಲಿ ತೋಡು ಮಾಡುತ್ತದೆ, 0.25 ಮಿ.ಮೀ. ಪೆನ್ನು ಅಲ್ಲಿ ಎಡವುತ್ತದೆ. ಎಳೆಯ ಮೇಲೆ ಪೆನ್ನು ಓಡಿಸಬೇಡಿ. ವಿನ್ಯಾಸ ಅದರವರೆಗೆ ಬಂದು ನಿಂತರೆ ಸಾಕು. ರಬ್ಬರೂ ಬೇಡ, ಉಜ್ಜಿದರೆ ಕಾಗದದ ನಾರು ಏಳುತ್ತದೆ. ಕೊನೆಗೆ ಪೆನ್ಸಿಲ್ ನೆರಳು ಹಚ್ಚುವಾಗ ಎಳೆ ಅದರೊಳಗೆ ಕರಗಿಹೋಗುತ್ತದೆ.